ಮಚ್ಚೆ

ಅದು ಹುಟ್ಟುಮಚ್ಚೆಯಲ್ಲ.
ಐವತ್ತೆರಡರ ಜನವರಿ, ಟೊಲೀಡೊ, ಲಗ್ರಾಂಜ್ ಬೀದಿ,
ಅಚ್ಚುಕೂಟದ ಮೂರನೇ ಮಹಡಿ. ಹಬೆಯ ಕೊಳವೆ
ಒಂದೇ ಸಮ ಟಕಟಕ ಬಡಿದುಕೊಳ್ಳುತ್ತಿತ್ತು.
ನನ್ನ ಕುಂಚ ಬೆಚ್ಚಿತು. ಒಂದು ಹನಿ ಕಪ್ಪು
ಅವಳ ಎಡಗೊರಳಿನ ಕುಳಿಯ ಪಕ್ಕ ಬಿದ್ದು
ಅಲ್ಲೇ ಕೂತಿತು, ಬಾಡಿಗೆ ಕೊಟ್ಟವರ ಹಾಗೆ.

ಯಜಮಾನ ಗ್ರೂಬರ್ ಕನ್ನಡಕ ಹಣೆಗೇರಿಸಿ ನೋಡಿದ.
"ಇರಲಿ ಬಿಡು ವಾಂಡಾ, ಕಣ್ಣು ಅಲ್ಲಿಗೇ ಹೋಗುತ್ತೆ."

ಕಣ್ಣು ಹೋಗಬಾರದ ಕಡೆಗಳನ್ನು ಅಳಿಸುವುದೇ ನನ್ನ ಕೆಲಸ,
ಗಂಟೆಗೆ ತೊಂಬತ್ತು ಸೆಂಟು.
ಮೊಣಕಾಲಿನ ತರಚು, ಕಂಕುಳ ನೆರಳು,
ಹೊಟ್ಟೆಯ ಮೇಲೆ ಎಲಾಸ್ಟಿಕ್ಕಿನ ಬರೆ,
ಎಲ್ಲ ಒರೆಸಿ ಪೀಚ್ ಹಣ್ಣಿನ ಬಣ್ಣ ಬಳಿಯುವುದು.
ಆವತ್ತು ಅವಳ ಬಲಗೈ ಮಣಿಕಟ್ಟಿನಿಂದ
ಒಂದು ಸುಟ್ಟ ಗುರುತು ಒರೆಸಿದ್ದೆ, ಬಿದಿಗೆ ಚಂದ್ರನಷ್ಟು.
ಲಾಂಡ್ರಿಯ ಇಸ್ತ್ರಿ ಕೊಟ್ಟದ್ದು.
ಆ ಜಾಗಕ್ಕೆ ಬಳೆ ಬರೆದೆ, ಮೂರು, ಚಿನ್ನದವು.

ಕ್ಯಾಲೆಂಡರಿನಲ್ಲಿ ಅವಳು ರೆನೀ.
ಸಂಬಳದ ಪುಸ್ತಕದಲ್ಲಿ ಓಪಲ್ ಟ್ಯಾಕೆಟ್,
ಕೆಂಟಕಿಯ ಕಲ್ಲಿದ್ದಲ ಕಣಿವೆಯವಳು.
ಬಾಕಿ ಹದಿನಾಲ್ಕು ಡಾಲರ್ ಕೇಳಲು ಒಮ್ಮೆ ಮೆಟ್ಟಿಲು ಹತ್ತಿ ಬಂದಳು,
ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು.
ಗೋಡೆಯ ಮೇಲೆ ತನ್ನನ್ನು ನೋಡಿದಳು,
ಹೆಬ್ಬೆರಳು ಎಂಜಲು ಮಾಡಿ ಮಚ್ಚೆ ಉಜ್ಜಿದಳು.
ಹೋಗಲಿಲ್ಲ.
"ಇದು ಯಾರದು?" ಅಂದಳು.
ನನ್ನದು ಅನ್ನಲು ಬಾಯಿ ಬರಲಿಲ್ಲ.

ನಮ್ಮಜ್ಜಿ ಪೋಲೆಂಡಿನಿಂದ ತಂದ ಸಾಮಾನು ಕಡಿಮೆ, ಭಯ ಹೆಚ್ಚು:
ಕೂಸಿನ ಗಾಡಿಗೆ ಕೆಂಪು ದಾರ ಕಟ್ಟುತ್ತಿದ್ದಳು, ಕಣ್ಣು ತಾಗದಿರಲೆಂದು.
ಎಂಬತ್ತು ಸಾವಿರ ಪ್ರತಿ ಹೊರಟವು
ಕ್ಷೌರದಂಗಡಿಗೆ, ಲಾರಿ ಶೆಡ್ಡಿಗೆ, ಕೊರಿಯಾದ ಬಂಕರಿಗೆ.
ದಾರ ಕಟ್ಟಲು ಯಾರೂ ಇರಲಿಲ್ಲ.

ನನ್ನ ಗಂಡ ಸ್ಟಾಶ್ ಕೂಡ ಗ್ಯಾರೇಜಿನಲ್ಲಿ ನೇತುಹಾಕಿದ್ದ, ಹನ್ನೊಂದು ವರ್ಷ.
ಊಟದ ಡಬ್ಬಿ ಹಿಡಿದು ನಾನು ಬಂದರೆ
ಗಡಿಬಿಡಿಯಲ್ಲಿ ಟವೆಲ್ ಹೊದಿಸುತ್ತಿದ್ದ.
ನನ್ನ ಕೈಬರಹವನ್ನು, ನನ್ನಿಂದಲೇ.

ಆಮೇಲೆ ಹುಡುಗಿಯರು ಹುಬ್ಬಿನ ಪೆನ್ಸಿಲ್ಲಿನಲ್ಲಿ ಅದನ್ನು ಇಟ್ಟುಕೊಂಡರು.
ಹಚ್ಚೆಯವರ ಸೂಜಿ ಕಲಿಯಿತು.
ಓಪಲ್ ಮುಂದೆ ಸಹಿ ಮಾರಲು ಮೇಜು ಹಾಕಿ ಕೂತಾಗ
ಅವಳೂ ಬರೆದುಕೊಂಡೇ ಹೋಗಬೇಕಾಯಿತಂತೆ.
ಒಮ್ಮೆ ಮರೆತದ್ದಕ್ಕೆ, ನೀನು ಅವಳಲ್ಲ ಅಂದನಂತೆ ಒಬ್ಬ,
ದುಡ್ಡು ವಾಪಸ್ ಕೇಳಿದನಂತೆ.
ಸತ್ತ ಮೇಲೆ, ಹೆಣ ಸಿಂಗರಿಸಿದವರೂ
ಚಿತ್ರ ನೋಡಿ ನೋಡಿ ಇಟ್ಟರಂತೆ.

ಹೋದ ವರ್ಷ ಮ್ಯೂಸಿಯಮ್ಮಿನಲ್ಲಿ, ಗಾಜಿನ ಹಿಂದೆ, ಅದೇ ಹಾಳೆ.
ಪ್ರೊಫೆಸರಮ್ಮ ಒಬ್ಬಳು ಹೇಳುತ್ತಿದ್ದಳು:
ನಾಚಿಕೆಗೆ ಆಕೆ ಇಟ್ಟ ಪೂರ್ಣವಿರಾಮ ಇದು.
ಜನ ತಲೆದೂಗಿದರು. ನಾನೂ ತೂಗಿದೆ.
ಚೆನ್ನಾಗಿತ್ತು ಮಾತು. ಇದ್ದರೂ ಇರಬಹುದು;
ಹನಿ ಬಿದ್ದದ್ದು ನನ್ನ ಕೈಯಿಂದ, ಹೊತ್ತು ನಡೆದವಳು ಅವಳು ತಾನೆ.
ಗಾಜಿಗೆ ಮೂಗು ತಾಗಿಸಿ ನಾನು ಹುಡುಕಿದ್ದು ಬಳೆಗಳ ಅಡಿಯಲ್ಲಿ.
ಏನೂ ಇರಲಿಲ್ಲ.
ಆ ಕಾಲಕ್ಕೆ ನಾನು ಒಳ್ಳೆಯ ಕೆಲಸಗಾತಿ.

ಇವತ್ತು ಮರಿಮಗಳು ಟೆಸ್ಸಾ, ಕೆಂಪು ತುಟಿ, ಚುಕ್ಕಿ ಲಂಗ,
ಹಳೆ ಕಾರುಗಳ ಮೆರವಣಿಗೆಗೆ ಹೊರಟವಳು
ಪೆನ್ಸಿಲ್ ಕೊಟ್ಟು ಕೊರಳು ಚಾಚಿದಳು.
"ಇಡಜ್ಜೀ, ಎಲ್ಲಿ ಅಂತ ನಿನಗೆ ಗೊತ್ತಲ್ಲ."
ತೊಂಬತ್ತೆರಡರ ಕೈ. ನಡುಗಿದರೆ ನಡುಗಲಿ,
ನಡುಕದಲ್ಲೇ ಹುಟ್ಟಿದ್ದು ಅದು.
ಇಟ್ಟೆ.
ಆಮೇಲೆ ಅವಳ ಬಲಗೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ,
ಸೊಟ್ಟಗೆ, ಬಿದಿಗೆಯಷ್ಟು, ಇನ್ನೊಂದು ಬರೆದೆ.

"ಇದೇನಿದು? ಚಿತ್ರದಲ್ಲಿ ಇಲ್ಲವಲ್ಲ."
ಹೆಬ್ಬೆರಳು ಎಂಜಲು ಮಾಡಿ ಉಜ್ಜತೊಡಗಿದಳು.
ಹೊರಗೆ ಯಾರೋ ಹಾರ್ನ್ ಒತ್ತಿದರು.
ಹಾಗೇ ಓಡಿದಳು, ಅರ್ಧ ಅಳಿಸಿ.