ಹನ್ನೆರಡೂವರೆಯ ಮಿಸ್ಡ್ ಕಾಲ್

ದಾಖಲಾತಿ ಪುಸ್ತಕದಲ್ಲಿ ಒಂದು ಕಾಲಂ ಇದೆ:
ಹಿಂದಿನ ಶಾಲೆ ಬಿಟ್ಟ ಕಾರಣ.
ತಂದೆಗೆ ವರ್ಗ, ಮನೆ ಬದಲು, ಅಜ್ಜಿ ಊರು ಸೇರಿದ್ದು,
ಇಪ್ಪತ್ತೆರಡು ವರ್ಷ ಇಷ್ಟರಲ್ಲೇ ತುಂಬಿಸಿದ್ದೇನೆ.

ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಲ್ಲಿದ್ದ ತಾಯಿ
ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು:
ಮಗಳು ಶಾಲೆ ಬಿಟ್ಟಿಲ್ಲ ಟೀಚರ್,
ಶಾಲೆ ಸುಟ್ಟುಹೋಯಿತು.

ಆ ಕಾಲಂ ಇನ್ನೂ ಖಾಲಿ.
ತಪಾಸಣೆಗೆ ಬಂದವರು ಕೆಂಪು ಶಾಯಿಯಲ್ಲಿ
ಸುತ್ತು ಹಾಕಿ ಹೋಗಿದ್ದಾರೆ.

ಹೆಸರು ಲಿಂಗ್ನೈ, ಮಣಿಪುರದ ಬೆಟ್ಟದವಳು.
ಮೂರನೇ ದಿನಕ್ಕೆ ನಮ್ಮ ಹುಡುಗರ ಬಾಯಲ್ಲಿ ಲಿಂಗವ್ವ.
ಕರೆದರೆ ತಿರುಗುವಳು. ಮಾತಿಲ್ಲ.
ಬ್ಯಾಗು ಬೆನ್ನಿಂದ ಇಳಿಸಳು, ಊಟಕ್ಕೆ ಕೂತರೂ.
ಚಪ್ಪಲಿ ಹೊರಗೆ ಬಿಡು ಎಂದರೆ
ಕೈಯಲ್ಲಿ ಹಿಡಿದು ಒಳಗೆ ಬರುವಳು.
ಶಿಸ್ತು ಕಲಿಸಬೇಕು ಅಂದುಕೊಂಡೆ ನಾನು, ಪೆದ್ದಿ.
ಓಡಿ ಬಂದವರಿಗೆ ಗೊತ್ತು
ಚಪ್ಪಲಿ ಎಲ್ಲಿರಬೇಕು ಅಂತ.

ಸವಳಂಗ ರಸ್ತೆಯ ಈ ಶಾಲೆಯ ಬೆನ್ನಿಗೇ ಗುಡ್ಡ,
ಗುಡ್ಡದ ಹೊಟ್ಟೆಯಲ್ಲಿ ಜಲ್ಲಿ ಕ್ವಾರಿ.
ದಿನಾ ಹನ್ನೆರಡೂವರೆಗೆ ಸಿಡಿಸುತ್ತಾರೆ.
ನಮಗದು ಊಟದ ಗಂಟೆ:
ಗುಡ್ಡ ಢಮ್ ಅಂದರೆ ಮಕ್ಕಳು ತಟ್ಟೆ ಬಡಿಯುತ್ತವೆ,
ಸಾಕಮ್ಮ ಸಾಂಬಾರಿನ ಮುಚ್ಚಳ ತೆಗೆಯುತ್ತಾಳೆ.

ಅವತ್ತೂ ತಟ್ಟೆ ಬಡಿದವು.
ಲಿಂಗವ್ವನ ಜಾಗ ಖಾಲಿ.
ಸಿಕ್ಕಿದಳು, ಅಕ್ಕಿ ಮೂಟೆಗಳ ಹಿಂದೆ,
ಬ್ಯಾಗು ತಲೆಯ ಮೇಲೆ.
ಒಂದನೇ ಕ್ಲಾಸಿನ ತೇಜುವನ್ನೂ ಎಳೆದುಕೊಂಡು
ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಕೂತಿದ್ದಳು.
ನೆಲ ಒದ್ದೆಯಾಗಿತ್ತು.
ತೇಜು ಅಳಲಿಲ್ಲ. ಆಟ ಅಂದುಕೊಂಡಿದ್ದ.

ಯಾರೂ ಯುದ್ಧವೆಂದು ಸಾರಿರಲಿಲ್ಲ ಅಲ್ಲಿ.
ಟೀವಿಯಲ್ಲಿ ಗಲಭೆ ಅಂದರು, ಘರ್ಷಣೆ ಅಂದರು,
ಆಮೇಲೆ ಬರೀ ಪರಿಸ್ಥಿತಿ ಅಂದರು.
ಎಂಟು ವರ್ಷದ ಮೈ ಅಷ್ಟೆಲ್ಲ ಪದ ಕಲಿತಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಕ್ವಾರಿಗೆ ಹತ್ತಿದೆ.
ಸೀರೆಗೆಲ್ಲ ಕಲ್ಲಿನ ಹಿಟ್ಟು.
ಮದ್ದು ತುಂಬುವ ಕೆಂಚಬೋವಿ ಎಡಗಿವಿ ಕೊಟ್ಟು ಕೇಳಿದ;
ಬಲಗಿವಿ ಎಂದೋ ಗುಡ್ಡದ ಪಾಲು.
"ಸಿಡ್ಸೋದು ನಿಲ್ಸಕ್ಕಾಗಲ್ಲ ಮೇಡಂ, ನನ್ ಹೊಟ್ಟೇನೂ ಅದೇ.
ಎರಡು ನಿಮ್ಷ ಮುಂಚೆ ಒಂದ್ ಮಿಸ್ಡ್ ಕಾಲ್ ಕೊಡ್ತೀನಿ."
ಅಷ್ಟೇ ಸಿಕ್ಕಿದ್ದು. ಹಿಡಿದುಕೊಂಡು ಇಳಿದೆ.

ಆಮೇಲೆ ದಿನಾ ನನ್ನ ಫೋನು ಎರಡು ಸಲ ಮಿಡಿದು ಸುಮ್ಮನಾಗುತ್ತದೆ.
ಭಾಗಾಕಾರ ಬೋರ್ಡಿನ ಮೇಲೆ ಅರ್ಧಕ್ಕೇ ನಿಲ್ಲುತ್ತದೆ.
ಎಲ್ಲರೂ ಬೆಂಚಿನಡಿಗೆ,
ನಾನೂ, ನನ್ನ ಮಂಡಿನೋವೂ.
ಕಿವಿ ಮುಚ್ಚಿ ಜೋರಾಗಿ ಎಣಿಸುತ್ತೇವೆ.
ಎಪ್ಪತ್ತರ ಆಸುಪಾಸಿನಲ್ಲಿ ಗುಡ್ಡ ಸಿಡಿಯುತ್ತದೆ;
ಸಿಡಿದರೂ ನೂರು ಮುಟ್ಟದೆ ಏಳುವ ಹಾಗಿಲ್ಲ.

ಅವಳ ಕನ್ನಡ ಹೀಗೆ, ಅ ಆ ಇ ಈ ಬಿಟ್ಟು
ಒಂದು ಎರಡರಿಂದ ಶುರುವಾಯಿತು.
ನಲವತ್ತೊಂಬತ್ತು, ಐವತ್ತೊಂಬತ್ತು ಕಲಸಿಹೋಗಿ
ಅದ್ನಾನ್ ತಿದ್ದಿದಾಗ
ಬೆಂಚಿನ ಕತ್ತಲಲ್ಲಿ ಒಂದು ನಗು ಕೇಳಿಸಿತು.
ಯಾರದೆಂದು ನಾನು ಬಗ್ಗಿ ನೋಡಲಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬರು ರೇಗಿದರು:
ನಮ್ಮ ಮಕ್ಕಳಿಗೂ ಯಾಕ್ರೀ ಹೆದರಿಕೆ ಕಲಿಸ್ತೀರಿ?
ಉತ್ತರ ಹೊಳೆಯಲಿಲ್ಲ.
ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು,
ಆಗ ಕೇಳಲು ಯಾರಿದ್ದರು?

ಮೊನ್ನೆ ಕೆಂಚಬೋವಿಯ ಫೋನಿಗೆ ಚಾರ್ಜ್ ಇರಲಿಲ್ಲ.
ಗುಡ್ಡ ಹೇಳದೆ ಕೇಳದೆ ಸಿಡಿಯಿತು.
ನಾನು ಸೀದಾ ಅಕ್ಕಿ ಮೂಟೆಗಳ ಕಡೆ ಓಡಿದೆ.
ಅಲ್ಲೇ ಇದ್ದಳು.
ಬ್ಯಾಗು ಬೆಂಚಿನ ಮೇಲೆ ಉಳಿದಿತ್ತು,
ಚಪ್ಪಲಿ ಮಾತ್ರ ತಂದಿದ್ದಳು.
ತೇಜು ಅವಳ ಮಡಿಲಲ್ಲಿ.
ಅವನ ಬಾಯಿ ಈಗ ತೆರೆದೇ ಇತ್ತು.
ಅವಳ ಎರಡೂ ಕೈ ಅವನ ಕಿವಿಗಳ ಮೇಲೆ,
ತನ್ನ ಕಿವಿ ಬರಿದೇ ಬಿಟ್ಟುಕೊಂಡು
ಎಣಿಸುತ್ತಿದ್ದಳು, ಒಂದೂ ತಪ್ಪದೆ.

ಇಪ್ಪತ್ಮೂರಕ್ಕೆ ನಾನು ಸೇರಿಕೊಂಡೆ.