ತಳದ್ದು

ಅರ್ಜಿಯ ಏಳನೇ ಸಾಲು: ನಿಮ್ಮ ಸಿಗ್ನೇಚರ್ ಡಿಶ್.
ಷಡಾಕ್ಷರಪ್ಪ ಮೇಷ್ಟ್ರು ಕನ್ನಡಕ ಹಣೆಗೇರಿಸಿದರು.
ಸಿಗ್ನೇಚರ್ ಅಂದ್ರೆ ಸಹಿ, ಹೂವಮ್ಮ.
ಮುಚ್ಚಳ ತೆಗೆಯೋ ಮೊದಲೇ ನಿನ್ನದು ಅಂತ ಗೊತ್ತಾಗಬೇಕು,
ಅಂಥದ್ದೊಂದು.

ಸಹಿ ನಾನು ದಿನಾ ಹಾಕುತ್ತೇನೆ.
ಅಕ್ಕಿ ಮೂಟೆ ಇಳಿದಾಗ, ಸಿಲಿಂಡರ್ ಬದಲಾದಾಗ,
ಮೊಟ್ಟೆ ಲೆಕ್ಕದ ಪುಸ್ತಕದಲ್ಲಿ, ಹಾಲಿನ ಪುಡಿಯದರಲ್ಲಿ,
ಬಂದಾಗ ಬರುವ ಗೌರವಧನದ ಹಾಳೆಯಲ್ಲಿ.
'ಹೂ' ಬರೆದು ದೀರ್ಘ ಎಳೆಯುವಾಗ
ಪೆನ್ನು ಒಂದು ಗಳಿಗೆ ತಡೆಯುತ್ತದೆ,
ಅಷ್ಟು ಬಿಟ್ಟರೆ ರೂಢಿ.
ಸಾರಿನ ಮೇಲೆ ಎಲ್ಲಿ ಹಾಕಲಿ ಅದನ್ನು?

ತಾಲೂಕು ಮಟ್ಟದ ಸ್ಪರ್ಧೆ, ಹೊಸನಗರದಲ್ಲಿ, ಬರುವ ಶನಿವಾರ.
ಬಿಸಿಯೂಟದವರಿಗೆ ಮಾತ್ರ.
ನಾಲ್ಕು ಜನಕ್ಕೆ ಸಾಕಾಗುವಷ್ಟು, ಒಂದೂವರೆ ತಾಸಿನಲ್ಲಿ;
ಊರಿನ ಸೊಗಡಿದ್ದರೆ ಹೆಚ್ಚಿನ ಅಂಕ.

ಪತ್ರೊಡೆ ಮಾಡು, ಅಂದಳು ಯಂಕಮ್ಮ,
ಈಳಿಗೆಮಣೆ ಬಿಟ್ಟೇಳದೆ.
ಕೆಸುವಿನೆಲೆ ಶಾಲೆ ಹಿಂದಿನ ಚರಂಡಿಯಲ್ಲೇ ಇದೆ ನಿಜ.
ಆದರೆ ಬಿಇಒ ಸಾಹೇಬರ ಗಂಟಲು ಕೆರೆದರೆ
ಹುಳಿ ಒಂದು ಚೂರು ಕಮ್ಮಿಯಾಯಿತೆಂದು ಯಾರಿಗೆ ಹೇಳಲಿ?
ಕಳಲೆಗೆ ಮೂರು ದಿನ ನೀರು ಬದಲಿಸಬೇಕು.
ಮನೆಯಲ್ಲೇ ನೆನೆಸಿ ಒಯ್ದರೆ ಮೋಸವೋ ಅಲ್ಲವೋ
ನಿಯಮದಲ್ಲಿ ಬರೆದಿಲ್ಲ.
ತೊಡೆದೇವು ಸಾಗರದವರಿಗೇ ಬಿಟ್ಟದ್ದು;
ಒಮ್ಮೆ ಮಗುಚಿದ ಮಡಕೆಯ ಮೇಲೆ ಬಟ್ಟೆ ಎಳೆದಿದ್ದೆ,
ಎದ್ದು ಬಂದದ್ದು ಹರಿದ ಬನಿಯನ್ನು.
ಚಗಳಿ ಚಟ್ನಿ ಅಂದ ಹಾಲಿನ ಗಾಡಿಯ ಇಸ್ಮಾಯಿಲ್.
ಗೂಡಿಳಿಸಲು ಮರ ನೀ ಹತ್ತುತ್ತೀಯಾ ಅಂದೆ,
ಗೇರ್ ಹಾಕಿದ.

ಆ ರಾತ್ರಿ ಮನೆಯಲ್ಲಿ ಹುರುಳಿ ಸಾರಿಟ್ಟು ನೋಡಿದೆ,
ನಾಲ್ಕು ಜನಕ್ಕೆ.
ಕೈ ಉಪ್ಪಿನ ಡಬ್ಬಿಗಿಳಿದು ಒಂದು ಹಿಡಿ ತುಂಬಿಕೊಂಡು
ಪಾತ್ರೆಯ ಮೇಲೆ ಬಂದು ನಿಂತಿತು.
ಹದಿನಾರು ವರ್ಷ ಎಂಬತ್ತಾರಕ್ಕೆ, ತೊಂಬತ್ತಕ್ಕೆ,
ಒಂದು ವರ್ಷ ನೂರಾ ಹನ್ನೆರಡಕ್ಕೆ
ಅಳೆದ ಕೈ.
ನಾಲ್ಕೆಂದರೆ ಅದರ ಲೆಕ್ಕದಲ್ಲಿ ಗೈರುಹಾಜರಿ.
ಮನೆಯ ಅಡುಗೆ ಮೊದಲಿಂದಲೂ ಗಂಡನದು,
ಹೊಲಿಗೆ ಮಿಷನ್ನಿಂದ ಎದ್ದುಬಂದು ಮಾಡುತ್ತಾನೆ;
ಅವನಿಗೆ ಚಮಚ ಗೊತ್ತು.
ನನ್ನ ಬದಲು ನೀನೇ ಹೋಗು ಅಂದೆ.
ಅಂಗಿ ಅಳತೆ ತೆಗೆಯುವವನಂತೆ ನನ್ನ ಕೈ ಹಿಡಿದು
ಉಪ್ಪನ್ನು ವಾಪಸ್ಸು ಡಬ್ಬಿಗೆ ಸುರಿಸಿದ.

ನನ್ನದು ಎನ್ನುವುದು ಒಂದಿದೆ, ಹೇಳಲು ನಾಚಿಕೆ.
ದೊಡ್ಡ ಡಬರಿಯ ತಳ ಹಿಡಿದ ಅನ್ನ.
ಸೀದದ್ದಲ್ಲ, ಸೀಯುವುದಕ್ಕೆ ಒಂದು ನಿಮಿಷ ಮೊದಲಿನದು.
ಸೌಟಿನ ಹಿಂಬದಿಯಿಂದ ಎಬ್ಬಿಸಿದರೆ ಬಿಲ್ಲೆ ಬಿಲ್ಲೆ,
ಮೇಲೆ ಒಂದಿಷ್ಟು ಎಣ್ಣೆ, ಖಾರದಪುಡಿ.
ಅಕ್ಕಾ, ತಳದ್ದು,
ತಟ್ಟೆ ತೊಳೆದವರೂ ಮತ್ತೆ ಸಾಲು ನಿಲ್ಲುತ್ತಾರೆ.
ತಸ್ಮಿಯಾ ಕಂಪಾಸ್ ಬಾಕ್ಸಿನಲ್ಲಿ ಬಚ್ಚಿಟ್ಟು
ಗಣಿತದ ಪೀರಿಯಡ್ಡಿನಲ್ಲಿ ಕಡಿಯುತ್ತಾಳೆ.
ಕುರುಂ ಎಂಬ ಸದ್ದಿಗೆ ಮೇಷ್ಟ್ರು ಬೋರ್ಡಿನಿಂದ ತಿರುಗುವುದಿಲ್ಲ,
ಅವರ ಬಾಯಲ್ಲೂ ಒಂದು ಚೂರಿರುತ್ತದೆ.

ಅದನ್ನು ಮಾಡಲಾಗದು. ಆಗುತ್ತದೆ, ಅಷ್ಟೆ.
ಹತ್ತು ಕೇಜಿ ಅಕ್ಕಿಯ ಭಾರ ಬೇಕು ತಳದ ಮೇಲೆ.
ಯಂಕಮ್ಮನ ಹರಟೆ ಬೇಕು, ಒಲೆ ಸಣ್ಣ ಮಾಡುವುದು ಮರೆಯುವಷ್ಟು,
ಅದಕ್ಕಿಂತ ಒಂದು ಮಾತು ಹೆಚ್ಚಾದರೂ ಕೆಟ್ಟಿತು.
ಸಣ್ಣ ಪಾತ್ರೆಯಲ್ಲಿ ಎರಡು ಸಲ ಮಾಡಿದೆ,
ಎರಡು ಸಲವೂ ಬರೀ ಕರಿ.
ಗಂಡ ಎದ್ದು ಕಿಟಕಿ ತೆಗೆದ.

ಬೆಳಿಗ್ಗೆ ಏಳನೇ ಸಾಲಿನಲ್ಲಿ ಬರೆದೆ: ಹುರುಳಿ ಸಾರು, ಅನ್ನ.
ಮೇಷ್ಟ್ರು ಮೊಹರು ಒತ್ತಿ,
ಅನ್ನ ಯಾವುದರಲ್ಲಿ? ಎಂದರು.
ಅವರೇ ಕೊಡ್ತಾರಂತೆ, ಕುಕ್ಕರು.
ಕುಕ್ಕರಿನಲ್ಲಿ ತಳ ಹಿಡಿಯಲ್ಲ, ಅಂದರು.
ಹಿಡಿಯಲ್ಲ ಸಾರ್.
ಇಬ್ಬರೂ ಸ್ವಲ್ಪ ಹೊತ್ತು ಅರ್ಜಿ ನೋಡಿದೆವು.

ಈಗ ಹನ್ನೆರಡೂಕಾಲು.
ಡಬರಿಯಲ್ಲಿ ನೀರಿಂಗುತ್ತಿದೆ.
ಯಂಕಮ್ಮ ರಿಪ್ಪನ್‌ಪೇಟೆಯ ತನ್ನ ನಾದಿನಿಯ
ಸರ ಅಡವಿಟ್ಟ ಕತೆ ತೆಗೆದಿದ್ದಾಳೆ.
ಉರಿ ಸಣ್ಣ ಮಾಡಬೇಕು, ಏಳುತ್ತೇನೆ.
ಸರ ಬಿಡಿಸಿದರೋ ಇಲ್ಲವೋ,
ಅದೊಂದು ಕೇಳಿಬಿಟ್ಟು.