ತಡಿಯಪ್ಪ ಬೋರಲಿಂಗ

ಪಾಂಡವಪುರದ ತಾಲ್ಲೂಕು ಕಚೇರಿ ಎದುರು
ಹತ್ತಡಿ ಉದ್ದ ಆರಡಿ ಅಗಲ ನನ್ನಂಗಡಿ.
ಪಹಣಿ, ಜೆರಾಕ್ಸ್, ಅಫಿಡವಿಟ್ಟು, ತಿಥಿ ಕಾರ್ಡು.
ಬೆಳಿಗ್ಗೆ ಷಟರು ಎತ್ತಿ, ಊದುಬತ್ತಿ ಸಿಕ್ಕಿಸಿ,
ಸಿಪಿಯು ತಲೆಗೆ ಅರಿಶಿನದ ಬೊಟ್ಟಿಟ್ಟು
ಗುಂಡಿ ಒತ್ತುತ್ತೇನೆ.

ಫ್ಯಾನು ಒಂದು ಸುತ್ತು ತಿರುಗಿ,
ಯಾರೋ ಕರೆದರೆಂದು ಎದ್ದವರು
ಯಾರೂ ಇಲ್ಲವೆಂದು ಮತ್ತೆ ಮಲಗಿದ ಹಾಗೆ
ನಿಂತುಬಿಡುತ್ತದೆ.

ಇನ್ನೊಂದು ಸಲ.
ಕೆಲವು ದಿನ ಎರಡಕ್ಕೆ, ಕೆಲವು ದಿನ ಒಂಬತ್ತಕ್ಕೆ.
ಹೋದ ಶುಕ್ರವಾರ ಮೊದಲನೆಯದಕ್ಕೇ ಹತ್ತಿತು,
ಅವತ್ತು ಬೊಟ್ಟು ಮರೆತಿದ್ದೆ.
ಪೂರಾ ಕೆಟ್ಟಿದ್ದರೆ ತೂಕಕ್ಕೆ ಹಾಕಬಹುದಿತ್ತು.

ಬೆಂಚಿನ ಮೇಲೆ ದೇವೀರಮ್ಮ,
ಸೆರಗಿನಲ್ಲಿ ಪೆನ್ಷನ್ ಪುಸ್ತಕ.
‘ಎದ್ದದೇನವ್ವಾ?’ ಅಂತಾರೆ ಮೆಲ್ಲಗೆ,
ಬಾಣಂತಿ ಮಲಗಿರುವ ಮನೆಯಲ್ಲಿ ಕೇಳುವ ದನಿಯಲ್ಲಿ.
ಎದ್ದಿಲ್ಲ ಕಣಮ್ಮ.

ಶಫೀಉಲ್ಲಾ ಬಂದು ಹೆಲ್ಮೆಟ್ ತೆಗೆಯುವುದರೊಳಗೆ
ಮುಂಡೇದು ಬೀಪ್ ಅಂದು ಎದ್ದು ಕೂರುತ್ತದೆ,
ರಾತ್ರಿಯೆಲ್ಲ ಕೆಮ್ಮಿದ ಕೂಸು
ಡಾಕ್ಟರ ಮೇಜಿನ ಮೇಲೆ ನಗುವ ಹಾಗೆ.
‘ಸರಿ ಐತಲ್ಲ ಮೇಡಂ.’
ಸರಿ ಐತೆ. ನೂರು ರೂಪಾಯಿ.

ಎರಡನೇ ಸಲ ಬಂದಾಗ ಬಿಚ್ಚಿದ.
ಒಳಗೆ ಒಂದು ಬೊಗಸೆ ದೂಳು, ಹಲ್ಲಿ ಮೊಟ್ಟೆಯ ಸಿಪ್ಪೆ,
ನಾಲ್ಕು ವರ್ಷದ ಹಿಂದೆ ಕಳೆದ ನನ್ನ ಗುಂಡುಪಿನ್ನು.
ರ‍್ಯಾಮ್ ಕಿತ್ತು, ಅದರ ಚಿನ್ನದ ಹಲ್ಲುಗಳನ್ನು
ನನ್ನ ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜಿದ,
ರಬ್ಬರು ಅರ್ಧ ಆಯಿತು.
ನಾಣ್ಯದಂಥ ಸೆಲ್ಲು ತೋರಿಸಿದ, ಸತ್ತಿದೆ, ಅದಕ್ಕೇ
ಎದ್ದಾಗಲೆಲ್ಲ ಇದಕ್ಕೆ ಎರಡು ಸಾವಿರದ ಒಂಬತ್ತು, ಜನವರಿ ಒಂದು.

ಅಯ್ಯೋ, ಹಿಂದಿನ ದಿನವಷ್ಟೇ
ದೇವೀರಮ್ಮನ ಜೀವಂತ ಪ್ರಮಾಣಪತ್ರ ಅದೇ ತಾರೀಕಲ್ಲಿ ಹೊರಟಿತ್ತು.
ಒಳಗಿನ ಗುಮಾಸ್ತ ವಾಪಸ್ಸು ಕೊಟ್ಟಿದ್ದ:
ಆಗ ಬದುಕಿದ್ದೆ ಸರಿ ಅಜ್ಜಿ, ಈಗಿನದು ಬೇಕು.

ಹೊಸ ಸೆಲ್ಲು ಹಾಕಿದರೂ ಕಾಯಿಲೆ ಬಿಡಲಿಲ್ಲ.
‘ಬರೆದಿಡಿ ಮೇಡಂ, ಯಾವತ್ತು, ಎಷ್ಟೊತ್ತಿಗೆ, ಎಷ್ಟು ಸಲ.’
ಸಾಲದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ.
ಏಳು, ಐದು, ಹನ್ನೊಂದು, ಒಂದು, ಒಂದು, ಒಂದು, ಎಂಟು.
ಆ ಮೂರು ಒಂದುಗಳನ್ನು ದಿಟ್ಟಿಸುತ್ತ ಕೂತೆ.
ಸೋಮ, ಮಂಗಳ, ಬುಧ.
ಪಕ್ಕದ ಬೋರಲಿಂಗ ಮೊಮ್ಮಗಳ ಕಿವಿ ಚುಚ್ಚಿಸೋಕೆ
ಮೇಲುಕೋಟೆಗೆ ಹೋಗಿದ್ದ ದಿನಗಳು.

ಅವನ ಕಬ್ಬಿನ ಗಾಣ
ಮೊದಲ ಜಲ್ಲೆ ಕಚ್ಚುವ ಹೊತ್ತಿಗೆ ಸರಿಯಾಗಿ
ನನ್ನ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ.
ಏಳು ವರ್ಷದಿಂದ ಮಿಟುಕಿಸುತ್ತಿದೆ.
ನಾನು ನೋಡಿರಲಿಲ್ಲ ಅಂತಲ್ಲ.

ಶಫೀಉಲ್ಲಾ ಪವರ್ ಡಬ್ಬ ಬಿಚ್ಚಿ ಟಾರ್ಚು ಹಿಡಿದ.
ಒಳಗಿನ ಪುಟ್ಟ ಕೆಪಾಸಿಟರುಗಳ ನೆತ್ತಿ
ತಟ್ಟೆ ಇಡ್ಲಿಯ ಹಾಗೆ ಉಬ್ಬಿದ್ದವು.
‘ಇದಕ್ಕೂ ತಾಕತ್ತಿಲ್ಲ, ಲೈನಲ್ಲೂ ತಾಕತ್ತಿಲ್ಲ.
ಎರಡರಲ್ಲಿ ಒಂದು ಗಟ್ಟಿ ಇದ್ದಿದ್ರೂ ನಡೀತಿತ್ತು ಮೇಡಂ.’
ಹೊಸದಕ್ಕೆ ಹದಿನಾಲ್ಕು ನೂರು. ಮುಂದಿನ ತಿಂಗಳು ನೋಡೋಣ.

ಅಲ್ಲಿತನಕ ಒಂದು ಒಪ್ಪಂದ.
‘ತಡಿಯಪ್ಪ ಬೋರಲಿಂಗ!’ ಅಂತ ಗೋಡೆ ಗುದ್ದುತ್ತೇನೆ.
ಅವನು ಜಲ್ಲೆಯನ್ನು ಗಾಣದ ಬಾಯಿಗೆ ಹಿಡಿದು
ನಿಂತಿರುತ್ತಾನೆ.
ಗಿರಾಕಿಗಳೂ ನಿಂತಿರುತ್ತಾರೆ. ನೊಣಗಳು ಮಾತ್ರ ನಿಲ್ಲುವುದಿಲ್ಲ.
ಬೀಪ್.
‘ಬಿಡು!’
ಗಾಣ ಗುರ್ ಅನ್ನುತ್ತದೆ,
ಶುಂಠಿ ನಿಂಬೆಹುಳಿಯ ವಾಸನೆ ಒಳಗೆ ಬರುತ್ತದೆ.

ಹೊಸ ಪವರ್ ಡಬ್ಬ ಬಂದು ತಿಂಗಳಾಯಿತು.
ಈಗ ಗಾಣ ಓಡುತ್ತಿದ್ದರೂ ಮೊದಲ ಒತ್ತಿಗೇ ಹತ್ತುತ್ತದೆ.
ಬೋರಲಿಂಗನಿಗೆ ಹೇಳಬೇಕು.
ಇವತ್ತೂ ಹೇಳಲಿಲ್ಲ. ಗೋಡೆ ಗುದ್ದಿದೆ,
ಅವನು ನಿಂತ, ನಾನು ಒತ್ತಿದೆ.

ದೇವೀರಮ್ಮ ಬಿಸಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು
‘ಇವತ್ತಿಂದೇ ತಾನೆ?’ ಅಂದರು.
ಇವತ್ತಿಂದೇ ಕಣಮ್ಮ, ಹೋಗು, ಕಚೇರಿ ತೆಗೆದವ್ರೆ.